ಜೈಲಲ್ಲಿರೋ ತಮ್ಮ ಒಳಗಿನ ವಿಷಯ ಬಾಯಿ ಬಿಡ್ತಿಲ್ಲ, ಎಂತಕ್ಕೆ?

ಪ್ರಶ್ನೆ (ತೀರ್ಥಹಳ್ಳಿ ಕಡೆಯ ಸದಸ್ಯೆ): ನಮಸ್ತೆ ಮೇಡಂ. ನನ್ನ ತಮ್ಮ ಹೊಡೆದಾಟದ ಕೇಸಲ್ಲಿ ಶಿವಮೊಗ್ಗದ ಸೋಗಾನೆ ಜೈಲಲ್ಲಿದ್ದಾನೆ, ವಿಚಾರಣೆ ಮುಗಿದಿಲ್ಲ. ಭೇಟಿಗೆ ಹೋದರೆ ಅಡಿಕೆ ಕೊಯ್ಲು, ಅಮ್ಮನ ಮೊಣಕಾಲು ನೋವು, ಇಷ್ಟೇ ಕೇಳ್ತಾನೆ. ಒಳಗೆ ಹೇಗಿದೆ ಅಂದರೆ ಅಕ್ಕಪಕ್ಕ ನೋಡಿ ಸುಮ್ಮನಾಗ್ತಾನೆ. ಹೋದ ಸಲ ದುಡ್ಡು ಜಾಸ್ತಿ ಹಾಕು ಅಂದ, ಎಂತಕ್ಕೆ ಅಂತ ಹೇಳಲಿಲ್ಲ. ನಮ್ಮಿಂದ ದೂರ ಆಗ್ತಿದ್ದಾನಾ?

ಉತ್ತರ (ವಕೀಲೆ, ಉಚಿತ ಕಾನೂನು ನೆರವಿನ ಕೆಲಸದವರು): ದೂರ ಆಗಿಲ್ಲಮ್ಮ. ಒಳಗಿನ ಮಾತು ಒಳಗೇ ಇರಬೇಕು ಅನ್ನೋದು ಬಹುತೇಕ ಎಲ್ಲಾ ಜೈಲಿನ ಮೊದಲ ಕಟ್ಟಳೆ. ಸಿಬ್ಬಂದಿಗೆ ಚಾಡಿ ಹೇಳೋನು ಅಂತ ಒಮ್ಮೆ ಹೆಸರು ಬಿದ್ದರೆ ಬ್ಯಾರಕ್‌ನಲ್ಲಿ ಪಕ್ಕದಲ್ಲಿ ತಟ್ಟೆ ಇಡೋರೂ ಇರಲ್ಲ. ಭೇಟಿ ಜಾಗದಲ್ಲಿ ನಿಮ್ಮ ಪ್ರಶ್ನೆ ಪಕ್ಕದ ಕೈದಿಯ ಕಿವಿಗೂ ಬೀಳುತ್ತೆ. ಅಲ್ಲಿ ಕೇಳಲೇಬೇಡಿ.

ಅಮೆರಿಕದ ಸಮಾಜಶಾಸ್ತ್ರಜ್ಞ ಡೊನಾಲ್ಡ್ ಕ್ಲೆಮರ್ 1940ರಲ್ಲೇ ಇದನ್ನು ಬರೆದಿಟ್ಟರು. ಹೊಸಬನಿಗೆ ಜೈಲಿನ ರೀತಿ ರಿವಾಜು ನಿಧಾನವಾಗಿ ಮೈಗೂಡುತ್ತೆ. ಹೊರಗಿನವರ ನಂಟು ಗಟ್ಟಿ ಇದ್ದವನಿಗೆ ಕಡಿಮೆ. ಹಾಗಾಗಿ ಅವನು ಕೊಯ್ಲಿನ ಸುದ್ದಿ ಕೇಳಿದರೆ ಪೂರ್ತಿ ಹೇಳಿ, ಯಾವ ತೋಟ, ಎಷ್ಟು ಗೊನೆ, ಮರ ಹತ್ತಿ ಗೊನೆ ಇಳಿಸೋ ಕೊನೆಗಾರ ಯಾರು, ಎಲ್ಲಾ.

ನನಗೆ ಚಿಂತೆ ಇರೋದು ದುಡ್ಡಿನ ಬಗ್ಗೆ. ಹೊಸಬನಿಗೆ ಯಾರೋ ಹಳಬ ಸೋಪು, ಬೀಡಿ, ಬಿಸ್ಕತ್ತು ಕೊಡ್ತಾನೆ. ಎಷ್ಟೋ ಸಲ ಅದು ಬರೀ ಕರುಣೆ. ಕೆಲವು ಸಲ ಸಾಲ. ತೀರದಿದ್ದರೆ ಅವನ ಬಟ್ಟೆ ಒಗೀಬೇಕು, ಇಲ್ಲವೇ ಅವನ ಮೊಬೈಲ್ ಬಚ್ಚಿಡಬೇಕು. ಸಿಕ್ಕಿಬಿದ್ದರೆ ಕೇಸು ನಿಮ್ಮ ತಮ್ಮನ ಮೇಲೆ. ದುಡ್ಡನ್ನು ಜೈಲಿನಲ್ಲಿ ಅವನ ಹೆಸರಿನ ಖಾತೆಗೆ ಮಾತ್ರ ಕಟ್ಟಿ, ಹೊರಗಿನ ಯಾರದೋ ನಂಬರಿಗೆ ಹಾಕು ಅಂದರೆ ಖಂಡಿತ ಬೇಡ. ಸಾಲದ ವಿಷಯ ವಕೀಲರು ಅವನನ್ನು ಒಬ್ಬನೇ ಕೂರಿಸಿ ಕೇಳಲಿ. ವಕೀಲರಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ ಪ್ರಕಾರ ಬಂಧನದಲ್ಲಿರೋ ಯಾರಿಗೇ ಆಗಲಿ, ಆದಾಯ ನೋಡದೆ ವಕೀಲರನ್ನು ಕೊಡಬೇಕು.

ಪ್ರಶ್ನೆ (ಸಾಗರದ ಸದಸ್ಯರು): ಮೇಡಂ, ಜಾತಿ ನೋಡಿ ಶೌಚಾಲಯ ತೊಳೆಯೋ ಕೆಲಸ ಹಚ್ತಾರಂತೆ?

ಉತ್ತರ: ಕೆಲವು ರಾಜ್ಯಗಳ ಜೈಲು ಕೈಪಿಡಿಯಲ್ಲೇ ಹಾಗೆ ಬರೆದಿತ್ತು ಸಾರ್, ಅದು ನಾಚಿಕೆಗೇಡು. 2024ರ ಅಕ್ಟೋಬರ್ 3ರಂದು ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿ, ಕೈದಿಗಳ ರಿಜಿಸ್ಟರಿನಿಂದ ಜಾತಿ ಕಾಲಂ ತೆಗೀರಿ ಅಂತಲೂ ಹೇಳಿತು. ಈಗಲೂ ಯಾರಿಗಾದರೂ ಹೀಗಾದರೆ ಅದೇ ಪ್ರಾಧಿಕಾರಕ್ಕೆ ಅರ್ಜಿ ಕೊಡಿ. ಮನೆಯವರೂ ಕೊಡಬಹುದು.