ಗೋಶಾಲೆಯ ಇತಿಹಾಸವನ್ನು ಎಲ್ಲಿಂದ ಆರಂಭಿಸಬೇಕು?

ಪ್ರಶ್ನೆ (ಕುಷ್ಟಗಿ ತಾಲ್ಲೂಕಿನಿಂದ):
ನಮ್ಮೂರಿನ ಗೋಶಾಲೆಯ ಸ್ಮರಣ ಸಂಚಿಕೆಗೆ ಅದರ ಇತಿಹಾಸ ಬರೆಯುವ ಕೆಲಸವನ್ನು ಹಿರಿಯರು ನನಗೆ ಒಪ್ಪಿಸಿದ್ದಾರೆ. ಅದು ಮೊದಲು ಬೀಡಾಡಿ ದನಗಳನ್ನು ಕೂಡುವ ಸರ್ಕಾರದ ದೊಡ್ಡಿಯಾಗಿತ್ತೆಂದು ಕೆಲವರು, 1972ರ ಬರದಲ್ಲಿ ಮೇವು ಹಾಕಲು ತೆರೆದದ್ದೇ ಮುಂದೆ ಉಳಿಯಿತೆಂದು ಇನ್ನು ಕೆಲವರು ಹೇಳುತ್ತಾರೆ; ಒಂದು ವ್ಯಾಪಾರಿ ಮನೆತನದವರು ಜಾಗವೇ ತಮ್ಮ ಹಿರಿಯರ ದಾನವೆನ್ನುತ್ತಾರೆ. ಆವರಣದ ಬಾವಿಯ ಕಲ್ಲಿನಲ್ಲಿ, ಹಳೆಯ ಕಂದಾಯ ವರ್ಷದ ಲೆಕ್ಕದಲ್ಲಿ, ‘ಫಸಲಿ 1350’ ಎಂದಿದೆ. 1871ರ ದನಗಳ ಅತಿಕ್ರಮ ಪ್ರವೇಶ ಕಾಯ್ದೆಯಿಂದ ಆರಂಭಿಸಬಹುದೇ?

ಉತ್ತರ (ರಾಯಚೂರಿನಿಂದ):
ಬೇಡ. ಅದು ಬ್ರಿಟಿಷ್ ಇಂಡಿಯಾದ ಕಾಯ್ದೆ. ಮದ್ರಾಸ್ ಪ್ರಾಂತ್ಯದಲ್ಲಿದ್ದ ಬಳ್ಳಾರಿಗೆ ಅನ್ವಯಿಸುತ್ತಿತ್ತೇ ಹೊರತು, ನಿಜಾಮರ ಆಳ್ವಿಕೆಯಲ್ಲಿದ್ದ ನಿಮ್ಮ ಸೀಮೆಗಲ್ಲ. ಇನ್ನು ಕಲ್ಲಿನ ಮಾತು. ಫಸಲಿಗೆ 590 ಕೂಡಿಸಿದರೆ ಕ್ರಿಸ್ತಶಕ ಸಿಗುತ್ತದೆ. ಹೈದರಾಬಾದಿನ ಫಸಲಿ ವರ್ಷ ಅಕ್ಟೋಬರಿನಲ್ಲಿಯೂ ಮದ್ರಾಸಿನದು ಜುಲೈಯಲ್ಲಿಯೂ ಆರಂಭವಾಗುತ್ತಿದ್ದುದರಿಂದ, ನಿಮ್ಮ ಬಾವಿಯ ಕಾಲವನ್ನು 1940ರ ಅಕ್ಟೋಬರಿನಿಂದ ಮುಂದಿನ ಅಕ್ಟೋಬರಿನವರೆಗಿನ ಅವಧಿ ಎಂದು ಓದಬೇಕು. ಆದರೆ ಅದರಿಂದ ಸಿದ್ಧವಾಗುವುದು ಬಾವಿಯ ವಯಸ್ಸು ಮಾತ್ರ, ಗೋಶಾಲೆಯದಲ್ಲ.

ಉತ್ತರ (ಬಳ್ಳಾರಿಯಿಂದ):
ದೊಡ್ಡಿಯನ್ನು ಗೋಶಾಲೆಯ ಪೂರ್ವರೂಪವೆಂದು ಬರೆಯುವ ಮುನ್ನ ಯೋಚಿಸಿರಿ. ನಮ್ಮ ಕಡೆ ಜಾರಿಯಲ್ಲಿದ್ದ 1871ರ ಕಾಯ್ದೆಯಂತೆ, ಪೈರು ಮೇಯ್ದ ದನವನ್ನು ಹೊಲದವನು ದೊಡ್ಡಿಗೆ ಹೊಡೆಯುತ್ತಿದ್ದ, ದನದವನು ದಂಡವನ್ನೂ ಮೇವಿನ ಖರ್ಚನ್ನೂ ಕಟ್ಟಿ ಬಿಡಿಸಿಕೊಳ್ಳುತ್ತಿದ್ದ. ಏಳು ದಿನ ಯಾರೂ ಬಾರದಿದ್ದರೆ ನೋಟಿಸು ಹೊರಡಿಸಿ, ಮತ್ತೆ ಏಳು ದಿನ ಕಾದು ಹರಾಜು ಹಾಕುತ್ತಿದ್ದರು. ದೊಡ್ಡಿಯ ಕಾವಲುಗಾರ ಆ ಹರಾಜಿನಲ್ಲಿ ಕೊಳ್ಳುವಂತಿರಲಿಲ್ಲ ಎಂಬ ನಿಯಮವೊಂದೇ ಅಲ್ಲಿ ಏನು ನಡೆಯುತ್ತಿದ್ದಿರಬಹುದೆಂಬುದನ್ನು ಹೇಳುತ್ತದೆ! ಅದು ದಂಡದ ಜಾಗ, ಆಶ್ರಯದ ಜಾಗವಲ್ಲ.

ಬರಗಾಲದ ಗೋಶಾಲೆಯ ಬಗೆಯೇ ಬೇರೆ. ಅದನ್ನು ನಡೆಸುವುದು ಕಂದಾಯ ಇಲಾಖೆ. ಮಳೆಯಾಗಿ ಹುಲ್ಲು ಚಿಗುರಿದೊಡನೆ ರೈತರು ತಮ್ಮ ದನಗಳನ್ನು ಹೊಡೆದುಕೊಂಡು ಹೋಗುತ್ತಾರೆ, ಅದೂ ಮುಚ್ಚುತ್ತದೆ. ಆದ್ದರಿಂದ ಹಿರಿಯರಲ್ಲಿ ಕೇಳಬೇಕಾದ ಪ್ರಶ್ನೆ ‘ಯಾವಾಗ ತೆರೆಯಿತು’ ಎಂಬುದಲ್ಲ; ಮಳೆ ಬಂದ ಮೇಲೂ ಅಲ್ಲಿ ಉಳಿದ ದನಗಳು ಯಾರವು, ಅವುಗಳ ಮೇವಿಗೆ ಹಣ ಕೊಟ್ಟವರು ಯಾರು ಎಂಬುದು. ಶಾಶ್ವತ ಗೋಶಾಲೆ ಹುಟ್ಟಿದ್ದು ಆಗಲೇ ಎಂದು ನನ್ನ ಅಭಿಪ್ರಾಯ.

ಉತ್ತರ (ಕೊಪ್ಪಳದಿಂದ):
ದಾನದ ಮಾತನ್ನು ಪರೀಕ್ಷಿಸಲು ತಹಶೀಲ್ದಾರ್ ಕಚೇರಿಯಲ್ಲಿ 1954-55ರ ಖಾಸ್ರಾ ಪಹಣಿಯ (ಆ ಕಾಲದ ಜಮೀನು ದಾಖಲೆಯ) ನಕಲು ಕೇಳಿರಿ. ಆ ಸರ್ವೆ ನಂಬರು ಗಾಯರಾಣ, ಅಂದರೆ ದನ ಮೇಯಲು ಬಿಟ್ಟ ಸರ್ಕಾರಿ ಜಮೀನು, ಎಂದಿದ್ದರೆ ಆ ಹೇಳಿಕೆಗೆ ಬಲವಿಲ್ಲ. ಪಟ್ಟೇದಾರರ ಹೆಸರಿದ್ದರೆ ಉಪನೋಂದಣಿ ಕಚೇರಿಯಲ್ಲಿ ದಾನಪತ್ರ ಹುಡುಕಬಹುದು. ಹಳೆಯ ಕಾಗದಗಳು ಉರ್ದುವಿನಲ್ಲಿರುವ ಸಂಭವವಿದೆ, ಓದಬಲ್ಲವರನ್ನು ಜೊತೆಗೆ ಕರೆದೊಯ್ಯಿರಿ. ಆ ಮನೆತನದವರಲ್ಲಿ ಹಳೆಯ ಕಿರ್ದಿ (ದಿನದ ಲೆಕ್ಕದ) ಪುಸ್ತಕಗಳು ಉಳಿದಿದ್ದರೆ, ಮೇವಿಗೆ, ಹಿಂಡಿಗೆ ಬರೆದ ಖರ್ಚನ್ನು ನೋಡಿರಿ. ಹೊಗಳಿಕೆಯ ಫಲಕಗಳಿಗಿಂತ ಅವು ಹೆಚ್ಚು ನಂಬಿಕೆಗೆ ಅರ್ಹ.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. ಮೊದಲು ಪಹಣಿಗೆ ಅರ್ಜಿ ಹಾಕುತ್ತೇನೆ. ದಾನಪತ್ರ ಸಿಗದೆ ಕಿರ್ದಿ ಮಾತ್ರ ಸಿಕ್ಕರೆ, ಆ ಮನೆತನವನ್ನು ಸ್ಥಾಪಕರೆಂದು ಬರೆಯುವುದು ಸರಿಯೇ, ಪೋಷಕರೆಂದೇ?