ಮರದ ನೆಲ, ಬೆಕ್ಕಿನ ಉಗುರು: ಡಾಕ್ಟರ್ ಮೇಡಂ ಜೊತೆ ಪ್ರಶ್ನೋತ್ತರ

ಅಡ್ಮಿನ್: ಇವತ್ತು ರಾತ್ರಿವರೆಗೆ ನಮ್ಮ ಪಶುವೈದ್ಯೆ ಮೇಡಂ ಗುಂಪಿನಲ್ಲಿ ಇರುತ್ತಾರೆ. ಮರದ ನೆಲದ ಮನೆಯಲ್ಲಿ ಬೆಕ್ಕು ಸಾಕುವವರು ಪ್ರಶ್ನೆ ಕೇಳಬಹುದು. ಆಗಲೇ ಬಂದ ಉತ್ತರಗಳನ್ನು ಓದಿ ಆಮೇಲೆ ಕೇಳಿ.

ಮೂರು ಬೆಕ್ಕಿನ ಅಮ್ಮ, ಬೆಂಗಳೂರು: ನಮಸ್ಕಾರ ಮೇಡಂ. ನಮ್ಮದು ಬಾಡಿಗೆ ಫ್ಲ್ಯಾಟು, ರೂಮುಗಳಲ್ಲಿ ಲ್ಯಾಮಿನೇಟ್ ನೆಲ. ಗೀರು ಬಿದ್ದರೆ ಓನರ್ ಅಡ್ವಾನ್ಸಿನಲ್ಲಿ ಹಿಡಿದುಕೊಳ್ಳುತ್ತಾರೆ. ಏನು ಮಾಡಲಿ?

ಡಾಕ್ಟರ್: ನಮಸ್ಕಾರ. ಬೆಕ್ಕು ನಡೆಯುವಾಗ ಉಗುರನ್ನು ಒಳಗೆ ಎಳೆದುಕೊಂಡಿರುತ್ತದೆ. ಸುಮ್ನೆ ಓಡಾಡಿದರೆ ಗೀರು ಬೀಳುವುದಿಲ್ಲ. ಓಡುತ್ತಾ ಗಕ್ಕನೆ ತಿರುಗುವಾಗ, ಕಿಟಕಿಯಿಂದ ಧುಮುಕುವಾಗ, ಒಂದನ್ನೊಂದು ಅಟ್ಟಿಸಿಕೊಂಡು ಹೋಗುವಾಗ ಬೀಳುತ್ತದೆ. ಒಂದೆರಡು ದಿನ ಗಮನಿಸಿ, ಓಡುವ ದಾರಿ ಯಾವುದು ಅಂತ ಗೊತ್ತಾಗುತ್ತದೆ. ಅಲ್ಲಿ ಮಾತ್ರ ಜಮಖಾನ ಹಾಸಿ, ಜಾರದ ಹಾಗೆ ಅದರ ಕೆಳಗೆ ರಬ್ಬರ್ ಶೀಟ್ ಇರಲಿ. ಉಗುರಿನ ಮೊನೆಯನ್ನು 2–3 ವಾರಕ್ಕೊಮ್ಮೆ ಕತ್ತರಿಸಿ. ಬೆರಳನ್ನು ಮೆಲ್ಲಗೆ ಒತ್ತಿದರೆ ಉಗುರು ಹೊರಗೆ ಬರುತ್ತದೆ. ಒಳಗೆ ಕಾಣುವ ಗುಲಾಬಿ ಗೆರೆ ರಕ್ತನಾಳ, ಅದನ್ನು ಮುಟ್ಟಬೇಡಿ. ಮುಂದಿನ ಬಿಳಿ ತುದಿ ಮಾತ್ರ ತೆಗೆಯಿರಿ. ಒಂದು ಬೆಕ್ಕಿಗೆ 18 ಉಗುರು. ಎಲ್ಲವನ್ನೂ ಒಂದೇ ಸಲಕ್ಕೆ ಮುಗಿಸಬೇಕು ಅಂತಿಲ್ಲ. ಮುಂಗಾಲಿನ ಒಳಬದಿಯ ಉಗುರನ್ನು ಮಾತ್ರ ಮರೆಯಬೇಡಿ, ಅದು ನೆಲಕ್ಕೆ ತಾಗುವುದಿಲ್ಲ, ಸವೆಯುವುದಿಲ್ಲ. ವಯಸ್ಸಾದ ಬೆಕ್ಕಿನಲ್ಲಿ ಸುತ್ತಿಕೊಂಡು ಬೆಳೆದು ಪಾದದ ಮಾಂಸಕ್ಕೇ ಚುಚ್ಚುತ್ತದೆ.

ಲಿಟರ್ ಟ್ರೇ (ಬೆಕ್ಕು ಕಕ್ಕಸು ಮಾಡುವ, ಹರಳು ತುಂಬಿದ ತಟ್ಟೆ) ಮುಂದೆ ಒಂದು ಒರಟು ಮ್ಯಾಟ್ ಹಾಕಿ. ಕಾಲಿಗೆ ಅಂಟಿ ಬಂದ ಹರಳು ನಮ್ಮ ಚಪ್ಪಲಿ ಅಡಿ, ಕುರ್ಚಿ ಕಾಲಿನ ಅಡಿ ಸಿಕ್ಕಿ ನೆಲವನ್ನು ಉಜ್ಜುತ್ತದೆ. ಆ ಗೀರನ್ನೂ ಬೆಕ್ಕಿನ ತಲೆಗೇ ಕಟ್ಟುತ್ತಾರೆ.

ಕೊಡಗಿನವಳು: ನಮ್ಮ ಉಪ್ಪರಿಗೆ ಪೂರ್ತಿ ಅಜ್ಜನ ಕಾಲದ ತೇಗದ ಹಲಗೆ. ಬೆಕ್ಕು ಹಲಗೆಯ ಸಂದಿಯಲ್ಲೇ ಉಗುರು ಮಸೆಯುತ್ತದೆ. ಅಂಗಡಿಯಿಂದ ತಂದ ಕಂಬವನ್ನು ತಿರುಗಿಯೂ ನೋಡಲ್ಲ.

ಡಾಕ್ಟರ್: ಕಂಬ ಗಿಡ್ಡ ಇರಬೇಕು, ಇಲ್ಲಾ ಅಲುಗಾಡುತ್ತಿರಬೇಕು. ಹಿಂಗಾಲ ಮೇಲೆ ನಿಂತು ಮೈ ಪೂರ್ತಿ ಚಾಚುವಷ್ಟು ಎತ್ತರ ಬೇಕು, ಸುಮಾರು 3 ಅಡಿ. ಆದರೆ ನಿಮ್ಮ ಬೆಕ್ಕಿಗೆ ಅಡ್ಡ ಮಸೆಯುವುದು ಇಷ್ಟ ಅಂತ ಕಾಣುತ್ತದೆ. ಒಂದು ಭಾರದ ಹಲಗೆಗೆ ಗೋಣಿತಾಟನ್ನು ಬಿಗಿಯಾಗಿ ಸುತ್ತಿ, ಮೊಳೆಯನ್ನು ಅಡಿಭಾಗಕ್ಕೆ ಹೊಡೆಯಿರಿ. ಈಗ ಮಸೆಯುವ ಜಾಗದ ಮೇಲೇ ಅದನ್ನು ಇಡಿ. ಇನ್ನೊಂದನ್ನು ಮಲಗುವ ಜಾಗದ ಪಕ್ಕ. ನಿದ್ದೆಯಿಂದ ಎದ್ದ ತಕ್ಷಣ ಮೈ ಮುರಿದು ಪರಚುವುದು ಬೆಕ್ಕಿನ ಅಭ್ಯಾಸ. ಪಂಜದಲ್ಲಿ ವಾಸನೆಯ ಗ್ರಂಥಿಗಳಿವೆ, ಪರಚಿ ತನ್ನ ಗುರುತು ಹಾಕುತ್ತದೆ. ಬೈದು ಬಿಡಿಸುವ ಕೆಲಸ ಅಲ್ಲ.

ಪಾಲಿಶ್ ಮೇಸ್ತ್ರಿ, ಮೈಸೂರು: ಮೇಡಂ ಮಧ್ಯೆ ಬಂದೆ, ಕ್ಷಮಿಸಿ. ತೇಗದ ನೆಲದಲ್ಲಿ ಬೆಕ್ಕಿನ ಗೀರು ಸಾಮಾನ್ಯವಾಗಿ ಪಾಲಿಶ್ ಮೇಲಷ್ಟೇ, ಮರದವರೆಗೆ ಇಳಿಯಲ್ಲ. ಗೀರಿನ ಮೇಲೆ ನಿಮ್ಮ ಉಗುರಿನ ತುದಿ ಆಡಿಸಿ ನೋಡಿ, ತಡೆಯದಿದ್ದರೆ ಸಣ್ಣ ಗೀರು. ಲ್ಯಾಮಿನೇಟ್ ಕಥೆ ಬೇರೆ. ಅದು ಮರದ ಚಿತ್ರ ಅಂಟಿಸಿದ ಹಲಗೆ. ಉಜ್ಜಿದರೆ ಚಿತ್ರವೇ ಹೋಗುತ್ತದೆ.

ಫ್ಲ್ಯಾಟ್ 402: ಲ್ಯಾಮಿನೇಟ್ ಅಂದರೆ ಅಷ್ಟು ಕೀಳಾ? ಗೀರಿನ ವಿಷಯದಲ್ಲಿ ನಿಮ್ಮ ಪಾಲಿಶ್‌ಗಿಂತ ಅದೇ ಗಟ್ಟಿ.

ಪಾಲಿಶ್ ಮೇಸ್ತ್ರಿ, ಮೈಸೂರು: ಗಟ್ಟಿ ಹೌದು ಸರ್. ಕೆಟ್ಟ ಮೇಲೆ ಏನು ಮಾಡುತ್ತೀರಿ ಅಂತ ಹೇಳಿದೆ. ಸಂದಿಗೆ ನೀರು ಇಳಿದರೆ ಉಬ್ಬುತ್ತದೆ, ಹಲಗೆಯನ್ನೇ ಬದಲಾಯಿಸಬೇಕು.

ಫ್ಲ್ಯಾಟ್ 402: ಎಲ್ಲರಿಗೂ ಅಜ್ಜನ ತೇಗ ಇರಲ್ಲ ಮೇಸ್ತ್ರಿ.

ಶಿರಸಿ ಭಟ್ಟರು: ಫಾರ್ವರ್ಡ್ ಬಂದದ್ದು. ಕರ್ಪೂರ, ನೀಲಗಿರಿ ಎಣ್ಣೆ, ನಿಂಬೆ ರಸ ನೀರಿಗೆ ಬೆರೆಸಿ ಮೂಲೆ ಮೂಲೆಗೆ ಸಿಂಪಡಿಸಿ. ಬೆಕ್ಕು ಜನ್ಮದಲ್ಲಿ ಪರಚಲ್ಲ. ನೂರಕ್ಕೆ ನೂರು ನೈಸರ್ಗಿಕ.

ಡಾಕ್ಟರ್: ದಯವಿಟ್ಟು ಇದನ್ನು ಯಾರೂ ಮಾಡಬೇಡಿ. ಬೆಕ್ಕು ನೆಲ ತುಳಿದ ಕಾಲನ್ನು ನೆಕ್ಕುತ್ತದೆ. ನೆಲಕ್ಕೆ ಹಾಕಿದ್ದೆಲ್ಲ ಹೊಟ್ಟೆಗೆ ಹೋಗುತ್ತದೆ. ನಮ್ಮ ಲಿವರ್ ಅರಗಿಸುವ ಎಷ್ಟೋ ವಸ್ತುಗಳನ್ನು ಬೆಕ್ಕಿನದ್ದು ಅರಗಿಸಲಾರದು. ಕರ್ಪೂರ, ನೀಲಗಿರಿ ಎಣ್ಣೆ, ಟೀ ಟ್ರೀ ಎಣ್ಣೆ, ನುಸಿ ಗುಳಿಗೆ, ಫಿನಾಯಿಲ್ ಯಾವುದೂ ಬೇಡ. ನೈಸರ್ಗಿಕ ಅಂದ ಮಾತ್ರಕ್ಕೆ ವಿಷ ಅಲ್ಲ ಅಂತ ಅರ್ಥವಲ್ಲ.

ಹಾಸನ ಹುಡುಗ: ಮೇಡಂ ಬೆಕ್ಕಿಗೆ ಹಾಲು ಅನ್ನ ಸಾಕಾ?

ಐಟಿ ದಂಪತಿ: ನಮ್ಮದೂ ಲ್ಯಾಮಿನೇಟ್ ನೆಲ. ಗೀರು ಬೀಳದ ಹಾಗೆ ಏನು ಮಾಡಬೇಕು?

ಡಾಕ್ಟರ್: ಮೊದಲ ಉತ್ತರ ನೋಡಿ.

ಹೊಸಬ, ಹುಬ್ಬಳ್ಳಿ: ಮೇಡಂ, ಎಂಜಿನಿಯರ್ಡ್ ವುಡ್ ನೆಲ, ಹೋದ ವರ್ಷ ಹಾಕಿಸಿದ್ದು. 4 ವರ್ಷದ ಗಂಡು ಬೆಕ್ಕು, ಆಪರೇಷನ್ ಆಗಿದೆ. ನಿನ್ನೆ ಸಂಜೆಯಿಂದ ಹಾಲ್ ಮೂಲೆಯಲ್ಲಿ ನೆಲ ಕೆರೆಯುತ್ತಲೇ ಇದೆ. ಗೀರುಗಳ ಪಕ್ಕ ಸಾಸಿವೆ ಕಾಳಿನಷ್ಟು ತೇವದ ಚುಕ್ಕೆಗಳು, ಒಂದೆರಡು ಕೆಂಪಗಿವೆ. ಯಾವ ವ್ಯಾಕ್ಸ್ ಹಾಕಿದರೆ ಗೀರು ಮುಚ್ಚುತ್ತದೆ?

ಡಾಕ್ಟರ್: ವ್ಯಾಕ್ಸ್ ಬಿಡಿ. ಕೂತು ತಿಣುಕುತ್ತಿದೆಯಾ? ಕೂಗುತ್ತಿದೆಯಾ? ಹಿಂದೆ ನೆಕ್ಕಿಕೊಳ್ಳುತ್ತಿದೆಯಾ? ಏನು ತಿನ್ನುತ್ತದೆ?

ಹೊಸಬ, ಹುಬ್ಬಳ್ಳಿ: ಹೌದು, ಕೂತು ಕೂತು ಏಳುತ್ತದೆ. ಮಲಬದ್ಧತೆ ಅಂದುಕೊಂಡೆ. ಒಣ ಫುಡ್ ಮಾತ್ರ. ಬೆಳಿಗ್ಗೆ ವಾಂತಿ ಮಾಡಿತು.

ಡಾಕ್ಟರ್: ಇದು ಮಲಬದ್ಧತೆ ಅಲ್ಲ, ಮೂತ್ರ ಕಟ್ಟಿದೆ ಅಂತಲೇ ತಿಳಿದು ಈಗಲೇ ಹೊರಡಿ. ಗಂಡು ಬೆಕ್ಕಿನ ಮೂತ್ರನಾಳ ತುಂಬಾ ಸಪೂರ. ಮೂತ್ರದಲ್ಲಿನ ಹರಳು, ಲೋಳೆ ಸೇರಿ ಬಿರಡೆ ಹಾಕಿದ ಹಾಗೆ ಕಟ್ಟಿಕೊಳ್ಳುತ್ತದೆ. ಅದು ಕೆರೆಯುತ್ತಿರುವುದು ಉಚ್ಚೆ ಮುಚ್ಚುವುದಕ್ಕೆ. ಬೆಕ್ಕು ಮಣ್ಣಿನಲ್ಲಿ ಮಾಡುವುದನ್ನೇ ನಿಮ್ಮ ಹಲಗೆಯ ಮೇಲೆ ಮಾಡುತ್ತಿದೆ. ಉಚ್ಚೆ ಬರುತ್ತಿಲ್ಲ, ಅದಕ್ಕೇ ಮತ್ತೆ ಮತ್ತೆ ಹೋಗಿ ಕೂರುತ್ತದೆ. ಪೂರ್ತಿ ಕಟ್ಟಿದರೆ 24ರಿಂದ 48 ಗಂಟೆಯಲ್ಲಿ ಮೂತ್ರಪಿಂಡ ಕೈಕೊಡುತ್ತದೆ, ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯ ನಿಲ್ಲಬಹುದು. ವಾಂತಿ ಶುರುವಾಗಿದೆ ಅಂದರೆ ಸಮಯ ಕಮ್ಮಿ ಇದೆ. ಹೊಟ್ಟೆ ಒತ್ತಿ ನೋಡಬೇಡಿ, ಮೂತ್ರಚೀಲ ಒಡೆಯಬಹುದು. ಮನುಷ್ಯರ ನೋವಿನ ಮಾತ್ರೆ ಕೊಡಬೇಡಿ, ಪ್ಯಾರಾಸಿಟಮಾಲ್ 500ರ ಒಂದು ಮಾತ್ರೆ ಬೆಕ್ಕನ್ನು ಕೊಲ್ಲಬಹುದು. ಬುಟ್ಟಿಗೆ ಹಾಕಿಕೊಂಡು ಹೊರಡಿ. ಕ್ಲಿನಿಕ್ಕಿಗೆ ಫೋನ್ ಮಾಡಿ ‘ಗಂಡು ಬೆಕ್ಕು, ಮೂತ್ರ ಕಟ್ಟಿದೆ, ಕ್ಯಾಥೆಟರ್ ಬೇಕಾಗಬಹುದು’ ಅಂತ ಮೊದಲೇ ಹೇಳಿ. ಕ್ಯಾಥೆಟರ್ ಅಂದರೆ ಮೂತ್ರ ತೆಗೆಯಲು ಹಾಕುವ ಸಣ್ಣ ಕೊಳವೆ.

ಶಿರಸಿ ಭಟ್ಟರು: ಗಾಬರಿ ಬೇಡ ತಮ್ಮಾ. ಉರಿಮೂತ್ರ ಇದು. ಎಳನೀರು ಕುಡಿಸು, ಬಾರ್ಲಿ ನೀರು ಕುಡಿಸು. ಒಂದು ಗಂಟೆಯಲ್ಲಿ ಸಲೀಸಾಗುತ್ತದೆ.

ಡಾಕ್ಟರ್: ಭಟ್ಟರೇ, ನಿಲ್ಲಿಸಿ. ಎಳನೀರಿನಲ್ಲಿ ತುಂಬಾ ಪೊಟ್ಯಾಸಿಯಂ ಇದೆ. ಆ ಬೆಕ್ಕಿನ ರಕ್ತದಲ್ಲಿ ಈಗಾಗಲೇ ಅದೇ ಏರುತ್ತಿರಬಹುದು. ಮುಚ್ಚಿದ ನಾಳಕ್ಕೆ ಮೇಲಿನಿಂದ ನೀರು ತುಂಬಿಸಲು ಹೇಳುತ್ತಿದ್ದೀರಿ. ಅಡ್ಮಿನ್, ಆ ಮೆಸೇಜ್ ತೆಗೆಯಿರಿ. ಹುಬ್ಬಳ್ಳಿಯವರೇ, ಹೊರಟಿರಾ?

ಶಿರಸಿ ಭಟ್ಟರು: ನಮ್ಮ ಮನೆಯಲ್ಲಿ ತಲೆತಲಾಂತರದಿಂದ ಬೆಕ್ಕಿವೆ. ಯಾವುದಕ್ಕೂ ಕ್ಯಾಥೆಟರ್ ಹಾಕಿಸಿಲ್ಲ.

ಮೂರು ಬೆಕ್ಕಿನ ಅಮ್ಮ, ಬೆಂಗಳೂರು: ಎಷ್ಟು ಬೆಕ್ಕು ಮನೆ ಬಿಟ್ಟು ಹೋಗಿ ವಾಪಸ್ ಬರಲಿಲ್ಲ ಅಂತ ಲೆಕ್ಕ ಇಟ್ಟಿದ್ದೀರಾ ಭಟ್ಟರೇ?

ಫ್ಲ್ಯಾಟ್ 402: ಅವರು ಹೇಳಿದ್ದರಲ್ಲೂ ಒಂದು ಮಾತಿದೆ. ಹೊರಗೆ ಬಿಟ್ಟು ಸಾಕಿದರೆ ನೆಲವೂ ಉಳಿಯುತ್ತದೆ, ಬೆಕ್ಕೂ ಖುಷಿಯಾಗಿರುತ್ತದೆ.

ಮೂರು ಬೆಕ್ಕಿನ ಅಮ್ಮ, ಬೆಂಗಳೂರು: ನಾಲ್ಕನೇ ಮಹಡಿಯಿಂದ ಹೊರಗೆ ಎಲ್ಲಿ ಬಿಡುತ್ತೀರಿ? ರಸ್ತೆಗಾ?

ಫ್ಲ್ಯಾಟ್ 402: ಜಾಗ ಇಲ್ಲದವರು ಮೂರು ಮೂರು ಯಾಕೆ ಸಾಕಬೇಕು?

ಅಡ್ಮಿನ್: ಇಬ್ಬರೂ ಸಾಕು ಮಾಡಿ.

ಡಲ್ಲಾಸ್ ಕನ್ನಡತಿ: ಮೇಡಂ, ಇಲ್ಲಿ ಓಕ್ ಮರದ ನೆಲ. ಪರಿಚಯದವರು ಉಗುರು ತೆಗೆಸಿಬಿಡಿ, ಸಣ್ಣ ಆಪರೇಷನ್ ಅನ್ನುತ್ತಾರೆ.

ಡಾಕ್ಟರ್: ಸಣ್ಣದಲ್ಲ. ಪ್ರತಿ ಬೆರಳಿನ ಕೊನೆಯ ಮೂಳೆಯನ್ನೇ ಕತ್ತರಿಸಿ ತೆಗೆಯುತ್ತಾರೆ. ಎಷ್ಟೋ ಬೆಕ್ಕುಗಳಿಗೆ ಆಮೇಲೂ ಕಾಲು ನೋವು ಉಳಿಯುತ್ತದೆ, ಹರಳು ಚುಚ್ಚುತ್ತದೆ ಅಂತ ಲಿಟರ್ ಟ್ರೇ ಬಿಟ್ಟು ನೆಲದ ಮೇಲೆ ಉಚ್ಚೆ ಮಾಡುತ್ತವೆ. ನ್ಯೂಯಾರ್ಕ್ ರಾಜ್ಯ 2019ರಲ್ಲೇ ನಿಷೇಧಿಸಿದೆ. ನೆಲಕ್ಕೋಸ್ಕರ ಬೆರಳು ಕತ್ತರಿಸಬೇಡಿ. ಮೊನೆ ಕತ್ತರಿಸಿ, ಬೇಕಿದ್ದರೆ ಉಗುರಿಗೆ ಅಂಟಿಸುವ ಮೆತ್ತನೆಯ ಟೋಪಿ ಸಿಗುತ್ತದೆ.

ಕೋಲಾರದ ಅಕ್ಕ: ನುಸಿ ಗುಳಿಗೆ ಇಟ್ಟರೆ ಪರಚಲ್ವಂತೆ, ನಿಜಾನಾ?

ಡಾಕ್ಟರ್: ಬೇಡ ಅಂತ ಮೇಲೆ ಬರೆದಿದ್ದೇನೆ.

ಐಟಿ ದಂಪತಿ: ಲ್ಯಾಮಿನೇಟ್‌ಗೆ ಯಾವ ಬ್ರ್ಯಾಂಡ್ ಸ್ಪ್ರೇ ಒಳ್ಳೆಯದು?

ಡಾಕ್ಟರ್: ಯಾವುದೂ ಬೇಡ.

ಐಟಿ ದಂಪತಿ: ಸ್ವಲ್ಪ ಸಮಾಧಾನವಾಗಿ ಉತ್ತರ ಕೊಡಬಹುದಲ್ವಾ?

ಡಾಕ್ಟರ್: ಹುಬ್ಬಳ್ಳಿಯವರೇ, ಎಲ್ಲಿದ್ದೀರಿ?

ಹೊಸಬ, ಹುಬ್ಬಳ್ಳಿ: ಕ್ಲಿನಿಕ್ಕಿನಲ್ಲಿ ಇದ್ದೇವೆ. ಮೂತ್ರಚೀಲ ಕಲ್ಲಿನ ಹಾಗಾಗಿದೆ ಅಂದರು. ಕ್ಯಾಥೆಟರ್ ಹಾಕಿದರು, ರಕ್ತದ ಬಣ್ಣದ ಉಚ್ಚೆ ಬಂತು. ಡ್ರಿಪ್ ಹಾಕಿದ್ದಾರೆ, 2 ದಿನ ಅಲ್ಲೇ ಇರಬೇಕಂತೆ.

ಡಾಕ್ಟರ್: ಒಳ್ಳೆಯದು. ಇರಲಿ ಬಿಡಿ, ಬೇಗ ಕರೆದುಕೊಂಡು ಬರಲು ಆತುರಪಡಬೇಡಿ. ಮತ್ತೆ ಕಟ್ಟುವುದು ಮೊದಲ ವಾರದಲ್ಲೇ ಜಾಸ್ತಿ. ಮನೆಗೆ ಬಂದ ಮೇಲೆ ದಿನಕ್ಕೆ ಎಷ್ಟು ಸಲ, ಎಷ್ಟು ಉಚ್ಚೆ ಮಾಡಿತು ಅಂತ ನೋಡುತ್ತಿರಿ. ಆಹಾರ ಯಾವುದು ಅಂತ ಅಲ್ಲಿನ ಡಾಕ್ಟರೇ ಹೇಳುತ್ತಾರೆ, ಆದಷ್ಟು ನೀರಿನಂಶ ಇರುವ ವೆಟ್ ಫುಡ್ ಕೇಳಿ. ನೀರಿನ ಬಟ್ಟಲು ಎರಡು ಮೂರು ಕಡೆ ಇಡಿ, ಟ್ರೇಯಿಂದ ದೂರ. ಒಂದು ಬೆಕ್ಕಾದರೂ ಟ್ರೇ ಎರಡು ಇರಲಿ. ಆ ಮೂಲೆಯನ್ನು ಎನ್ಜೈಮ್ ಕ್ಲೀನರಿನಿಂದ ಒರೆಸಿ. ಬ್ಲೀಚ್ ಹಾಕಬೇಡಿ, ಉಚ್ಚೆಯ ಅಮೋನಿಯಾ ಜೊತೆ ಸೇರಿದರೆ ವಿಷಗಾಳಿ ಏಳುತ್ತದೆ.

ಹೊಸಬ, ಹುಬ್ಬಳ್ಳಿ: ಸರಿ ಮೇಡಂ. ತುಂಬಾ ಉಪಕಾರ ಆಯ್ತು. ಮೇಸ್ತ್ರಿಯವರೇ, ಗೀರಿಗೆ ಏನು ಮಾಡಲಿ?

ಪಾಲಿಶ್ ಮೇಸ್ತ್ರಿ, ಮೈಸೂರು: ಎಂಜಿನಿಯರ್ಡ್ ವುಡ್ಡಿಗೆ ಮೇಲಿನ ಮರದ ಪದರ ತೆಳುವಾಗಿರುತ್ತದೆ, ಮೆಷಿನ್ ಹಚ್ಚಲು ಬಿಡಬೇಡಿ. ಒಣಗಿದ ಮೇಲೆ ಹತ್ತಿರದಿಂದ ಫೋಟೋ ಹಾಕಿ.

ಶಿರಸಿ ಭಟ್ಟರು: ಅಕ್ರೋಟು ಉಜ್ಜಿದರೆ ಗೀರು ಮಾಯ. ಫಾರ್ವರ್ಡ್ ಇದೆ, ಹಾಕಲಾ?

ಅಡ್ಮಿನ್: ಬೇಡ ಭಟ್ಟರೇ.

ಹಾಸನ ಹುಡುಗ: ಮೇಡಂ, ಹಾಲು ಅನ್ನದ್ದು ಕೇಳಿದ್ದೆ.