ಲೈಟ್‌ರೂಮ್ ಚಂದಾ ನಿಲ್ಲಿಸಿದ ಮೇಲೆ ಹಳೆಯ ಬಾಗಲಕೋಟೆಯ ಚಿತ್ರಗಳು ಕೈತಪ್ಪದಂತೆ ಏನು ಮಾಡಬೇಕು?

ಘಟಪ್ರಭಾ ದಂಡೆ, ಬಾಗಲಕೋಟೆ

ಎಲ್ಲರಿಗೂ ಶರಣು. ನವನಗರದಲ್ಲಿ ನಮ್ಮದೊಂದು ಫೋಟೋ ಸ್ಟುಡಿಯೋ ಇದೆ. ತಂದೆಯವರ ಕಾಲದಲ್ಲಿ ಅದು ಹಳೆಯ ಊರಿನಲ್ಲಿತ್ತು. ಆಲಮಟ್ಟಿಯ ಹಿನ್ನೀರಿಗಾಗಿ ಓಣಿಗಳು ಒಂದೊಂದಾಗಿ ಖಾಲಿಯಾಗುತ್ತಿದ್ದ ವರ್ಷಗಳಲ್ಲಿ ಅವರು ಮನೆಗಳ ಹೆಬ್ಬಾಗಿಲು, ಅಂಗಡಿ ಸಾಲು, ಗುಡಿಗಳು, ಹೋಳಿಯ ಬಣ್ಣದ ಬಂಡಿಗಳನ್ನು ಫಿಲ್ಮ್ ಕ್ಯಾಮೆರಾದಲ್ಲಿ ತೆಗೆದು, ನೆಗೆಟಿವ್‌ಗಳನ್ನು ಜೋಪಾನವಾಗಿ ಇಟ್ಟಿದ್ದರು. ಅವನ್ನು ನಾನು ಸ್ಕ್ಯಾನ್ ಮಾಡಿ ಟಿಫ್ ಎಂಬ ಚಿತ್ರರೂಪದ ಫೈಲ್‌ಗಳಾಗಿ ಇಟ್ಟುಕೊಂಡಿದ್ದೇನೆ. ಅಡೋಬಿ ಕಂಪನಿಯ ಚಿತ್ರ ತಿದ್ದುವ ತಂತ್ರಾಂಶವಾದ ಲೈಟ್‌ರೂಮ್ ಕ್ಲಾಸಿಕ್‌ನಲ್ಲಿ ಒಂದೊಂದರ ಧೂಳು, ಗೀರು, ಬೂಷ್ಟಿನ ಕಲೆಗಳನ್ನು ತೆಗೆದಿದ್ದೇನೆ. ಮುಳುಗಡೆಯಾದ ಮನೆಗಳ ಹಿರಿಯರನ್ನು ಕೇಳಿ, ಇದು ಯಾರ ಮನೆ, ಯಾವ ಓಣಿ, ಚಿತ್ರದಲ್ಲಿ ನಿಂತಿರುವವರು ಯಾರು ಎಂಬ ವಿವರವನ್ನು ಪ್ರತಿ ಚಿತ್ರಕ್ಕೂ ಕನ್ನಡದಲ್ಲಿಯೇ ಶೀರ್ಷಿಕೆಯಾಗಿ ಬರೆದು ಸೇರಿಸಿದ್ದೇನೆ. ಹೇಳಿದವರಲ್ಲಿ ಕೆಲವರು ಈಗ ಇಲ್ಲ. ಆದ್ದರಿಂದ ಈ ಕೆಲಸವನ್ನು ಮತ್ತೊಮ್ಮೆ ಮಾಡಲು ಸಾಧ್ಯವೇ ಇಲ್ಲ.

ಮದುವೆಯ ಕೆಲಸವನ್ನೆಲ್ಲ ಈಗ ತಮ್ಮ ನೋಡಿಕೊಳ್ಳುತ್ತಾನೆ, ಅವನು ಬಳಸುವ ತಂತ್ರಾಂಶವೇ ಬೇರೆ. ನಾನೊಬ್ಬನೇ ಹಳೆಯ ಚಿತ್ರಗಳನ್ನು ನೋಡಿಕೊಂಡಿರಲು ತಿಂಗಳು ತಿಂಗಳು ಹಣ ಕಟ್ಟುವುದು ಸರಿಯೆನಿಸುತ್ತಿಲ್ಲ. ಚಂದಾ ನಿಲ್ಲಿಸಿದರೆ ಲೈಟ್‌ರೂಮ್ ತೆರೆಯುತ್ತದೆಯೇ? ನಾನು ಮಾಡಿದ ಶುದ್ಧೀಕರಣ ಮತ್ತು ಬರೆದ ವಿವರಗಳು ಎಲ್ಲಿ ಉಳಿಯುತ್ತವೆ? ಸ್ಟುಡಿಯೋದಲ್ಲಿ ಹಿಂದೆ ಕೊಂಡ ಲೈಟ್‌ರೂಮ್ 6 ಇದೆ, ಅದಕ್ಕೆ ಮರಳಬಹುದೇ? ಅಡೋಬಿಯದೇ ಆದ ಫೋಟೋಶಾಪ್‌ನಲ್ಲಿ ಮಾಡಿದ ಕರಿಜ್ಮಾ ಆಲ್ಬಮ್‌ಗಳ (ಮುದ್ರಿತ ಮದುವೆ ಆಲ್ಬಮ್‌ಗಳ) ಪಿಎಸ್‌ಡಿ ಫೈಲ್‌ಗಳ, ಅಂದರೆ ಪದರ ಪದರವಾಗಿ ತಿದ್ದಬಹುದಾದ ಮೂಲ ಫೈಲ್‌ಗಳ, ಗತಿ ಏನು? ಬಲ್ಲವರು ದಯವಿಟ್ಟು ವಿವರವಾಗಿ ತಿಳಿಸಬೇಕು.

ಗುಮ್ಮಟನಗರಿ, ವಿಜಯಪುರ

ಶರಣು ಸರ್. ಮೊದಲು ಒಂದು ವಿಷಯ ಸ್ಪಷ್ಟವಾಗಲಿ. ನಿಮ್ಮ ಟಿಫ್ ಫೈಲ್‌ಗಳು ಲೈಟ್‌ರೂಮಿನ ಒಳಗೆ ಇಲ್ಲ. ಅವು ನಿಮ್ಮ ಹಾರ್ಡ್ ಡಿಸ್ಕಿನ ಫೋಲ್ಡರ್‌ಗಳಲ್ಲಿಯೇ ಇವೆ, ಚಂದಾ ನಿಂತರೂ ಅಲ್ಲಿಯೇ ಇರುತ್ತವೆ, ಯಾವ ತಂತ್ರಾಂಶದಲ್ಲಾದರೂ ತೆರೆಯುತ್ತವೆ. ಆದರೆ ಹಾಗೆ ತೆರೆದಾಗ ಕಾಣುವುದು ಸ್ಕ್ಯಾನರ್‌ನಿಂದ ಬಂದ ಧೂಳು ತುಂಬಿದ ಮೂಲಚಿತ್ರ. ಲೈಟ್‌ರೂಮ್ ಮೂಲಚಿತ್ರದ ಬಿಂದುಗಳನ್ನು ಎಂದೂ ಮುಟ್ಟುವುದಿಲ್ಲ. ಇಲ್ಲಿ ಕಲೆ ತೆಗೆ, ಅಲ್ಲಿ ಬೆಳಕು ಹೆಚ್ಚಿಸು ಎಂಬ ನಿಮ್ಮ ಸೂಚನೆಗಳನ್ನು ಅದು ಕ್ಯಾಟಲಾಗ್ ಎಂಬ ಪ್ರತ್ಯೇಕ ಫೈಲಿನಲ್ಲಿ ಬರೆದಿಟ್ಟುಕೊಂಡು, ಚಿತ್ರ ತೋರಿಸುವಾಗ ಅಥವಾ ಎಕ್ಸ್‌ಪೋರ್ಟ್ ಮಾಡುವಾಗ (ಹೊಸ ಫೈಲಾಗಿ ಹೊರತೆಗೆಯುವಾಗ) ಮಾತ್ರ ಅನ್ವಯಿಸುತ್ತದೆ. ಹಾಗಾಗಿ ನೀವು ಉಳಿಸಿಕೊಳ್ಳಬೇಕಾದದ್ದು ಚಿತ್ರಗಳಿಗಿಂತ ಹೆಚ್ಚಾಗಿ ಅವುಗಳ ಮೇಲೆ ಮಾಡಿದ ದುಡಿಮೆ.

ಚಂದಾ ಮುಗಿದ ಮೇಲೆ ಲೈಟ್‌ರೂಮ್ ಕ್ಲಾಸಿಕ್ ತೆರೆಯುತ್ತದೆ. ಚಿತ್ರ ತಿದ್ದುವ ಡೆವಲಪ್ ಮತ್ತು ನಕ್ಷೆ ತೋರಿಸುವ ಮ್ಯಾಪ್ ವಿಭಾಗಗಳು ಮುಚ್ಚುತ್ತವೆ, ಮೊಬೈಲ್‌ನೊಂದಿಗಿನ ಸಿಂಕ್ ನಿಲ್ಲುತ್ತದೆ. ಲೈಬ್ರರಿಯಲ್ಲಿ ಹುಡುಕುವುದು, ಶೀರ್ಷಿಕೆ ಬರೆಯುವುದು, ಈಗಾಗಲೇ ತಿದ್ದಿದ ರೂಪದಲ್ಲಿಯೇ ಎಕ್ಸ್‌ಪೋರ್ಟ್ ಮಾಡುವುದು, ಪ್ರಿಂಟ್ ತೆಗೆಯುವುದು ಇವೆಲ್ಲ ನಡೆಯುತ್ತವೆ. ಇದು ನಿಜಕ್ಕೂ ದೊಡ್ಡ ಅನುಕೂಲ. ಆದರೂ ಇದೊಂದನ್ನೇ ನಂಬಿಕೊಂಡು ಕೂರಬೇಡಿ ಎಂದೇ ನನ್ನ ಸಲಹೆ, ಏಕೆಂದರೆ ಆ ಕಂಪ್ಯೂಟರ್ ಕೆಟ್ಟ ದಿನ ಅಥವಾ ಹೊಸ ವಿಂಡೋಸ್‌ಗೆ ಹಳೆಯ ತಂತ್ರಾಂಶ ಹೊಂದದ ದಿನ ನೀವು ಮತ್ತೆ ಇದೇ ಪ್ರಶ್ನೆಯ ಮುಂದೆ ನಿಲ್ಲಬೇಕಾಗುತ್ತದೆ.

ನೀವು ಬರೆದ ವಿವರಗಳ ವಿಷಯವೇ ಎಲ್ಲಕ್ಕಿಂತ ಮುಖ್ಯ, ಸಮಾಧಾನದ ಸಂಗತಿಯೆಂದರೆ ಇದನ್ನು ಉಳಿಸಿಕೊಳ್ಳುವುದು ಸುಲಭ. ಲೈಬ್ರರಿಯಲ್ಲಿ ಎಲ್ಲ ಚಿತ್ರಗಳನ್ನು ಆಯ್ದುಕೊಂಡು ಕಂಟ್ರೋಲ್ ಮತ್ತು ಎಸ್ ಒತ್ತಿದರೆ ಶೀರ್ಷಿಕೆ, ಕೀವರ್ಡ್ (ಹುಡುಕುಪದ), ನಕ್ಷತ್ರದ ಶ್ರೇಣಿ ಎಲ್ಲವೂ ಎಕ್ಸ್‌ಎಂಪಿ ಎಂಬ ರೂಪದಲ್ಲಿ ಕ್ಯಾಟಲಾಗಿನಿಂದ ಹೊರಬಂದು, ಟಿಫ್ ಮತ್ತು ಜೆಪೆಗ್ ಆಗಿದ್ದರೆ ಫೈಲಿನ ಒಳಗೇ, ಕ್ಯಾಮೆರಾದ ರಾ ಫೈಲ್ (ಸಂಸ್ಕರಿಸದ ಮೂಲ ಫೈಲ್) ಆಗಿದ್ದರೆ ಪಕ್ಕದಲ್ಲಿ ಅದೇ ಹೆಸರಿನ ಚಿಕ್ಕ ಫೈಲಾಗಿ ಬರೆಯಲ್ಪಡುತ್ತವೆ. ಎಕ್ಸ್‌ಎಂಪಿಯನ್ನು ರೂಪಿಸಿದ್ದು ಅಡೋಬಿಯೇ ಆದರೂ 2012ರಲ್ಲಿ ಅದು ಅಂತರರಾಷ್ಟ್ರೀಯ ಮಾನಕವಾಯಿತು, ಹಾಗಾಗಿ ಬೇರೆ ತಂತ್ರಾಂಶಗಳೂ ಅದನ್ನು ಓದುತ್ತವೆ. ಅಕ್ಷರಗಳು ಎಲ್ಲ ಭಾಷೆಗಳಿಗೂ ಏಕರೂಪವಾದ ಯೂನಿಕೋಡ್ ಸಂಕೇತದಲ್ಲಿ ಇರುವುದರಿಂದ ನಿಮ್ಮ ಕನ್ನಡ ಬರಹ ಹಾಗೆಯೇ ಉಳಿಯುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಕಲೆಕ್ಷನ್‌ಗಳು (ನೀವೇ ಮಾಡಿಕೊಂಡ ಚಿತ್ರಗುಂಪುಗಳು), ವರ್ಚುವಲ್ ಕಾಪಿಗಳು (ಒಂದೇ ಫೈಲಿನ ಬೇರೆ ತಿದ್ದುಪಡಿಯ ಪ್ರತಿಗಳು), ಹಂತ ಹಂತದ ಹಿಸ್ಟರಿ ಎಕ್ಸ್‌ಎಂಪಿಯಲ್ಲಿ ಸೇರುವುದಿಲ್ಲ, ಅವು ಕ್ಯಾಟಲಾಗಿನಲ್ಲಿ ಮಾತ್ರ ಇರುತ್ತವೆ. ನೀವು ಓಣಿವಾರು ಕಲೆಕ್ಷನ್ ಮಾಡಿಕೊಂಡಿದ್ದರೆ, ಪ್ರತಿ ಕಲೆಕ್ಷನ್ ತೆರೆದು ಅದರ ಎಲ್ಲ ಚಿತ್ರಗಳಿಗೂ ಓಣಿಯ ಹೆಸರನ್ನೇ ಕೀವರ್ಡ್ ಆಗಿ ಕೊಟ್ಟು, ಆಮೇಲೆ ಕಂಟ್ರೋಲ್ ಮತ್ತು ಎಸ್ ಒತ್ತಿ. ವಿಂಗಡಣೆ ಅಷ್ಟರಿಂದಲೇ ಉಳಿಯುತ್ತದೆ.

ಇನ್ನು ಧೂಳು ತೆಗೆದ ಕೆಲಸ. ಆ ಸೂಚನೆಗಳು ಎಕ್ಸ್‌ಎಂಪಿಯಲ್ಲಿ ಸೇರುತ್ತವೆ, ಆದರೆ ಅವನ್ನು ಅರ್ಥ ಮಾಡಿಕೊಂಡು ಚಿತ್ರ ತೋರಿಸಬಲ್ಲದ್ದು ಅಡೋಬಿಯ ತಂತ್ರಾಂಶ ಮಾತ್ರ ಎಂದೇ ತಿಳಿದುಕೊಳ್ಳುವುದು ಒಳ್ಳೆಯದು. ಡಾರ್ಕ್‌ಟೇಬಲ್‌ನಂಥ ಉಚಿತ ತಂತ್ರಾಂಶ ಲೈಟ್‌ರೂಮಿನ ಕೆಲವು ತಿದ್ದುಪಡಿಗಳನ್ನು ಆಮದು ಮಾಡಿಕೊಳ್ಳುತ್ತದೆಯಾದರೂ ಫಲಿತಾಂಶ ತದ್ರೂಪಾಗಿರುವುದಿಲ್ಲ. ಆದ್ದರಿಂದ ಹಳೆಯ ಊರಿನ ಪ್ರತಿಯೊಂದು ಚಿತ್ರವನ್ನೂ ಶುದ್ಧೀಕರಿಸಿದ ರೂಪದಲ್ಲಿ ಹೊಸ ಟಿಫ್ ಆಗಿ ಬೇರೆ ಫೋಲ್ಡರಿಗೆ ಎಕ್ಸ್‌ಪೋರ್ಟ್ ಮಾಡಿ. ಹಾಗೆ ಮಾಡುವಾಗ ಮೆಟಾಡೇಟಾ (ಚಿತ್ರದ ಜೊತೆಗಿನ ವಿವರ) ಎಂಬಲ್ಲಿ ಎಲ್ಲವನ್ನೂ ಸೇರಿಸುವ ಆಯ್ಕೆ ಇರಲಿ, ಇಲ್ಲವಾದರೆ ಹೊಸ ಫೈಲಿನಲ್ಲಿ ನಿಮ್ಮ ಶೀರ್ಷಿಕೆ ಇರುವುದಿಲ್ಲ. ಮೂಲ ಸ್ಕ್ಯಾನನ್ನು ಮಾತ್ರ ಎಂದಿಗೂ ಅಳಿಸಬೇಡಿ. ಮುಂದೆ ಇನ್ನೂ ಚೆನ್ನಾಗಿ ಶುದ್ಧೀಕರಿಸುವ ಉಪಾಯ ಬಂದರೆ ಅದೇ ಬೇಕಾಗುತ್ತದೆ.

ಮದುವೆಯ ರಾ ಫೈಲ್‌ಗಳಿಗೆ ಇಷ್ಟು ಶ್ರಮ ಬೇಡ. 24 ಮೆಗಾಪಿಕ್ಸೆಲ್‌ನ ಒಂದು ಚಿತ್ರ 16 ಬಿಟ್ ಟಿಫ್ ಆದರೆ ಸುಮಾರು 144 ಎಂಬಿ ಆಗುತ್ತದೆ, ಸಾವಿರ ಚಿತ್ರಗಳಿಗೆ 144 ಜಿಬಿ. ಗ್ರಾಹಕರಿಗೆ ಕೊಟ್ಟವುಗಳನ್ನು ಪೂರ್ಣ ಅಳತೆಯ ಜೆಪೆಗ್ ಆಗಿ ತೆಗೆದಿಟ್ಟರೆ ಸಾಕು.

ಲೈಟ್‌ರೂಮ್ 6ಕ್ಕೆ ಮರಳುವ ವಿಚಾರ ಬಿಟ್ಟುಬಿಡಿ. 2015ರಲ್ಲಿ ಬಂದ ಆ ಆವೃತ್ತಿಗೆ 2017ರ ನಂತರ ಪರಿಷ್ಕರಣೆ ಇಲ್ಲ. ಅದಕ್ಕಿಂತ ಮುಖ್ಯವಾಗಿ, ಹೊಸ ಆವೃತ್ತಿಗೆ ಪರಿವರ್ತನೆಯಾದ ಕ್ಯಾಟಲಾಗನ್ನು ಅದು ತೆರೆಯುವುದೇ ಇಲ್ಲ.

ಟಿಳಕವಾಡಿ, ಬೆಳಗಾವಿ

ಮೇಲಿನವರು ಚಿತ್ರಗಳ ಬಗ್ಗೆ ಹೇಳಬೇಕಾದದ್ದನ್ನು ಹೇಳಿದ್ದಾರೆ. ನಾನು ಚಂದಾ ನಿಲ್ಲಿಸುವ ಕ್ರಮದ ಬಗ್ಗೆ ಮಾತ್ರ ಬರೆಯುತ್ತೇನೆ.

ನಿಮ್ಮ ಯೋಜನೆ ಯಾವುದೆಂದು ಖಾತೆಯ ಪುಟದಲ್ಲಿ ಮೊದಲು ನೋಡಿಕೊಳ್ಳಿ. ತಿಂಗಳು ತಿಂಗಳು ಹಣ ಹೋಗುತ್ತಿದ್ದ ಮಾತ್ರಕ್ಕೆ ಅದು ತಿಂಗಳ ಯೋಜನೆ ಎಂದು ಭಾವಿಸಬಾರದು. ಬಹುಪಾಲು ಅದು ವರ್ಷದ ಒಪ್ಪಂದವಾಗಿದ್ದು, ಹಣ ಮಾತ್ರ ಕಂತಿನಲ್ಲಿ ಹೋಗುತ್ತಿರುತ್ತದೆ. ಅಂಥ ಒಪ್ಪಂದವನ್ನು ಆರಂಭದ 14 ದಿನಗಳ ನಂತರ ನಡುವೆ ಕೈಬಿಟ್ಟರೆ ಉಳಿದ ತಿಂಗಳುಗಳ ಮೊತ್ತದ ಅರ್ಧದಷ್ಟನ್ನು ಕೇಳುತ್ತಾರೆ. ಈ ಶುಲ್ಕವನ್ನು ಗ್ರಾಹಕರಿಗೆ ಸ್ಪಷ್ಟವಾಗಿ ತಿಳಿಸಿಲ್ಲವೆಂಬ ಆರೋಪದ ಮೇಲೆ ಅಮೆರಿಕ ಸರ್ಕಾರ 2024ರ ಜೂನ್‌ನಲ್ಲಿ ಅಡೋಬಿಯ ವಿರುದ್ಧ ದಾವೆಯನ್ನೂ ಹೂಡಿತು. ಆದ್ದರಿಂದ ವಾರ್ಷಿಕ ನವೀಕರಣದ ದಿನಾಂಕವನ್ನು ಗುರುತು ಹಾಕಿಕೊಂಡು, ಅದಕ್ಕೂ ಮುಂಚಿನ ಒಂದೆರಡು ತಿಂಗಳಲ್ಲಿ ಮೇಲೆ ಹೇಳಿದ ಕೆಲಸವನ್ನೆಲ್ಲ ಮುಗಿಸಿ, ನವೀಕರಣಕ್ಕೆ ತುಸು ಮೊದಲು ಖಾತೆಯ ಪುಟದಿಂದಲೇ ರದ್ದು ಮಾಡುವುದು ಉತ್ತಮ.

ಬ್ಯಾಂಕಿನಲ್ಲಿ ಆಟೋಪೇ ನಿಲ್ಲಿಸಿದರೆ ಸಾಕೆಂದು ಅನೇಕರು ಹೇಳುತ್ತಾರೆ. ರಿಸರ್ವ್ ಬ್ಯಾಂಕಿನ ನಿಯಮದಂತೆ, 2021ರ ಅಕ್ಟೋಬರ್ 1ರಿಂದ, ಕಾರ್ಡ್ ಅಥವಾ ಯುಪಿಐ ಮೂಲಕ ಮರುಮರು ಕಡಿತವಾಗುವ ಹಣಕ್ಕೆ ಕನಿಷ್ಠ 24 ಗಂಟೆ ಮೊದಲು ನಿಮಗೆ ಸೂಚನೆ ಬರಬೇಕು, ಆ ಅನುಮತಿಯನ್ನು ನೀವು ಹಿಂಪಡೆಯಲೂಬಹುದು. ಆದರೆ ಅದರಿಂದ ಹಣ ಹೋಗುವುದು ನಿಲ್ಲುತ್ತದೆಯೇ ಹೊರತು ಒಪ್ಪಂದ ರದ್ದಾಗುವುದಿಲ್ಲ. ಮೊದಲು ಚಂದಾ ರದ್ದು ಮಾಡಿ, ದೃಢೀಕರಣದ ಇ-ಮೇಲ್ ಬಂದ ಮೇಲೆ ಆಟೋಪೇ ಅನುಮತಿಯನ್ನು ತೆಗೆಯಿರಿ.

ಘಟಪ್ರಭಾ ದಂಡೆ, ಬಾಗಲಕೋಟೆ

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಶೀರ್ಷಿಕೆಗಳು ಫೈಲಿನ ಒಳಗೇ ಸೇರುತ್ತವೆಂದು ತಿಳಿದು ಮನಸ್ಸಿನ ಭಾರ ಇಳಿಯಿತು. ಓಣಿವಾರು ಕಲೆಕ್ಷನ್ ಮಾಡಿರುವುದು ನಿಜ, ಅವನ್ನು ಕೀವರ್ಡ್ ಆಗಿಸುವ ಕೆಲಸ ಇಂದೇ ಶುರು ಮಾಡುತ್ತೇನೆ. ಮೊಬೈಲ್‌ನ ಲೈಟ್‌ರೂಮಿನಲ್ಲಿಯೂ ಕೆಲವು ಚಿತ್ರಗಳನ್ನು ತೆಗೆದಿದ್ದೇನೆ, ಅವು ಕ್ಲೌಡ್‌ನಲ್ಲಿವೆ. ಅವುಗಳ ಬಗ್ಗೆ ಮತ್ತು ಆಲ್ಬಮ್‌ಗಳ ಪಿಎಸ್‌ಡಿ ಬಗ್ಗೆ ಯಾರಾದರೂ ತಿಳಿಸುವಿರಾ? ಆಲ್ಬಮ್‌ಗಳ ಕನ್ನಡ ಬರಹವೆಲ್ಲ ನುಡಿ ಎಂಬ ಕನ್ನಡ ಬರಹದ ತಂತ್ರಾಂಶದ ಹಳೆಯ ಫಾಂಟ್‌ಗಳಲ್ಲಿದೆ.

ಮಲಪ್ರಭೆ, ಸವದತ್ತಿ

ನಮಸ್ಕಾರ. ಕ್ಲೌಡ್‌ನಲ್ಲಿರುವ ಮೂಲಚಿತ್ರಗಳನ್ನು ಚಂದಾ ಮುಗಿದ ಮೇಲೆ ಒಂದು ವರ್ಷದವರೆಗೆ ಇಟ್ಟುಕೊಳ್ಳುವುದಾಗಿ, ಆ ಅವಧಿಯಲ್ಲಿ ಇಳಿಸಿಕೊಳ್ಳಬಹುದೆಂದು ಅಡೋಬಿ ಹೇಳಿದೆ. ಹಾಗೆಂದು ಕಾಯುವ ಅಗತ್ಯವಿಲ್ಲ, ಚಂದಾ ಇರುವಾಗಲೇ ಎಲ್ಲವನ್ನೂ ಕಂಪ್ಯೂಟರಿಗೆ ಇಳಿಸಿಕೊಳ್ಳಿ. ಇದಕ್ಕೆ ಸಂಬಂಧಿಸಿದ ಇನ್ನೊಂದು ವಿಷಯವೂ ನೆನಪಿರಲಿ. ಕ್ಲಾಸಿಕ್‌ನಿಂದ ಕ್ಲೌಡ್‌ಗೆ ಸಿಂಕ್ ಆಗುವುದು ಚಿತ್ರದ ಕಿರು ಪ್ರತಿ ಮಾತ್ರ. ನಿಮ್ಮ ಸ್ಕ್ಯಾನ್‌ಗಳು ಮೊಬೈಲ್‌ನಲ್ಲಿ ಕಾಣುತ್ತವೆಂದು ಅದನ್ನು ಬ್ಯಾಕಪ್ ಎಂದು ಭಾವಿಸಬಾರದು.

ಪಿಎಸ್‌ಡಿ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು. ಲೈಟ್‌ರೂಮಿನಂತೆ ಫೋಟೋಶಾಪ್ ಅರೆಬಾಗಿಲು ತೆರೆದಿಡುವುದಿಲ್ಲ. ಚಂದಾ ಮುಗಿದರೆ ಅದನ್ನು ಬಳಸಲು ಆಗುವುದಿಲ್ಲ. ಗಿಂಪ್, ಫೋಟೋಪಿಯಾ ಮುಂತಾದ ಬೇರೆ ತಂತ್ರಾಂಶಗಳು ಪಿಎಸ್‌ಡಿ ತೆರೆಯುತ್ತವೆ, ಸರಳ ಲೇಯರ್‌ಗಳು (ಪದರಗಳು) ಸಾಮಾನ್ಯವಾಗಿ ಸರಿಯಾಗಿಯೇ ಬರುತ್ತವೆ. ಆದರೆ ಅಡ್ಜಸ್ಟ್‌ಮೆಂಟ್ ಲೇಯರ್, ಸ್ಮಾರ್ಟ್ ಆಬ್ಜೆಕ್ಟ್, ಲೇಯರ್ ಸ್ಟೈಲ್ ಎಂಬ ಫೋಟೋಶಾಪಿನ ವಿಶೇಷ ಸೌಲಭ್ಯಗಳು ಎಲ್ಲ ಕಡೆಯೂ ಇದ್ದಂತೆಯೇ ಕಾಣುತ್ತವೆಂಬ ಭರವಸೆ ಇಲ್ಲ. ಪ್ರತಿ ಆಲ್ಬಮ್ ಪುಟದ ಅಂತಿಮ ರೂಪವನ್ನು ಪೂರ್ಣ ಅಳತೆಯ ಟಿಫ್ ಅಥವಾ ಜೆಪೆಗ್ ಆಗಿ ತೆಗೆದಿಡುವುದು ಕಡ್ಡಾಯವೆಂದೇ ತಿಳಿಯಿರಿ. ಪಿಎಸ್‌ಡಿಯನ್ನು ಉಳಿಸುವಾಗ ಮ್ಯಾಕ್ಸಿಮೈಸ್ ಕಂಪ್ಯಾಟಿಬಿಲಿಟಿ ಎಂಬ ಆಯ್ಕೆ ಇದ್ದರೆ, ಲೇಯರ್‌ಗಳ ಜೊತೆ ಸಿದ್ಧ ಚಿತ್ರವೂ ಅದೇ ಫೈಲಿನಲ್ಲಿ ಸೇರುತ್ತದೆ, ಬೇರೆ ತಂತ್ರಾಂಶಗಳಿಗೆ ಅದು ಬಹಳ ಉಪಯೋಗ.

ನುಡಿ ಫಾಂಟಿನ ಮಾತು ನಮ್ಮ ಭಾಗದ ಎಲ್ಲ ಸ್ಟುಡಿಯೋಗಳಿಗೂ ಅನ್ವಯಿಸುತ್ತದೆ. ಯೂನಿಕೋಡ್‌ಗೆ ಮುಂಚಿನ ಆ ಫಾಂಟ್‌ಗಳಲ್ಲಿ ಕನ್ನಡ ಅಕ್ಷರದ ಚಿತ್ರಗಳನ್ನು ರೋಮನ್ ಅಕ್ಷರಗಳ ಸ್ಥಾನದಲ್ಲಿ ಕೂರಿಸಿರುತ್ತಾರೆ. ಹಾಗಾಗಿ ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ವಧೂವರರ ಹೆಸರು ಅರ್ಥವಿಲ್ಲದ ರೋಮನ್ ಸಾಲಾಗಿ ಕಾಣುತ್ತದೆ. ನೀವು ಬಳಸಿದ ಫಾಂಟ್ ಫೈಲ್‌ಗಳನ್ನು ಆಲ್ಬಮ್ ಫೋಲ್ಡರಿನಲ್ಲಿಯೇ ಇಟ್ಟುಕೊಳ್ಳಿ. ಮುಂದೆ ತಿದ್ದುವ ಅಗತ್ಯವಿಲ್ಲದ ಬರಹದ ಲೇಯರನ್ನು ಪಿಎಸ್‌ಡಿಯ ಒಂದು ಪ್ರತಿಯಲ್ಲಿ ರಾಸ್ಟರೈಸ್ ಮಾಡಿಬಿಡಿ, ಅಂದರೆ ಅಕ್ಷರಗಳನ್ನು ಚಿತ್ರವಾಗಿಸಿಬಿಡಿ.

ಎಲ್ಲ ಮುಗಿದ ಮೇಲೂ ಚಂದಾವನ್ನು ಕೂಡಲೇ ರದ್ದು ಮಾಡಬೇಡಿ. ಅಡೋಬಿಯ ಯಾವ ತಂತ್ರಾಂಶವೂ ಇಲ್ಲದ ಬೇರೊಂದು ಕಂಪ್ಯೂಟರಿನಲ್ಲಿ, ನಿಮ್ಮ ತಮ್ಮನವರದ್ದಾದರೂ ಆಗಬಹುದು, ಡಿಜಿಕ್ಯಾಮ್ ಎಂಬ ಉಚಿತ ತಂತ್ರಾಂಶ ಹಾಕಿ, ಎಕ್ಸ್‌ಪೋರ್ಟ್ ಮಾಡಿದ ಫೋಲ್ಡರನ್ನು ಅದರಲ್ಲಿ ತೆರೆಯಿರಿ. ಓಣಿಯ ಹೆಸರಿನಿಂದ ಹುಡುಕಿದರೆ ಚಿತ್ರಗಳು ಸಿಗುತ್ತವೆಯೇ, ಶೀರ್ಷಿಕೆ ಕನ್ನಡದಲ್ಲಿಯೇ ಪೂರ್ತಿಯಾಗಿ ಇದೆಯೇ, ದೊಡ್ಡದು ಮಾಡಿ ನೋಡಿದಾಗ ಗೀರುಗಳು ಹೋಗಿವೆಯೇ ಎಂದು ಪ್ರತಿ ಓಣಿಯಿಂದ ಕೆಲವು ಚಿತ್ರಗಳನ್ನಾದರೂ ಪರೀಕ್ಷಿಸಿ. ಏನಾದರೂ ಕೊರತೆ ಕಂಡರೆ ಡೆವಲಪ್ ವಿಭಾಗ ಇನ್ನೂ ತೆರೆದಿರುವಾಗಲೇ ಸರಿಪಡಿಸಬಹುದು. ಅನಂತರ ಮೂಲ ಸ್ಕ್ಯಾನ್, ಹೊಸ ಟಿಫ್ ಮತ್ತು ಕ್ಯಾಟಲಾಗ್ ಮೂರನ್ನೂ ಎರಡು ಬೇರೆ ಬೇರೆ ಹಾರ್ಡ್ ಡಿಸ್ಕ್‌ಗಳಿಗೆ ನಕಲಿಸಿ, ಅದರಲ್ಲೊಂದು ಸ್ಟುಡಿಯೋದ ಹೊರಗೆ, ನಂಬಿಕೆಯ ಬಂಧುಗಳ ಮನೆಯಲ್ಲಿರಲಿ.